ಏಪ್ರಿಲ್ 1ರಿಂದ ನಮ್ಮ ಫೀಸು ಬೇರೆ, ಅಡ್ವಾನ್ಸಿನ ಕ್ರಮವೂ ಬೇರೆ

ಆತ್ಮೀಯ ಗ್ರಾಹಕರೇ,

ಸೆಕೆಂಡ್ ಹ್ಯಾಂಡ್ ಬಿಸಿನೆಸ್ ಜೆಟ್ ಹುಡುಕಿಕೊಡಿ ಎಂದು ನಮಗೆ ಹೇಳಿಟ್ಟಿರುವ ಎಲ್ಲರಿಗೂ ಈ ಪತ್ರ. ಏಪ್ರಿಲ್ 1ರಿಂದ ವಿಮಾನದ ಬೆಲೆಯ ಮೇಲೆ ಪರ್ಸೆಂಟ್ ಲೆಕ್ಕದ ಕಮಿಷನ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಿದ್ದೇವೆ. ಕೆಲಸಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಂಡ ಫೀಸು ಮಾತ್ರ. ನೀವು ಕೊಂಡರೂ ಅಷ್ಟೇ, ಬೇಡ ಅಂತ ವಾಪಸ್ ಬಂದರೂ ಅಷ್ಟೇ.

ಯಾಕೆ ಅಂತ ಹೇಳಬೇಕಲ್ವಾ. ಕಳೆದ ಮಳೆಗಾಲದಲ್ಲಿ ಗ್ರಾಹಕರೊಬ್ಬರ ಜೊತೆ ಎಂಟು ಸೀಟಿನ ಜೆಟ್ ನೋಡಲು ಹೊರದೇಶಕ್ಕೆ ಹೋಗಿದ್ದೆವು. ಬಣ್ಣ ಹೊಸದು, ಸೀಟಿನ ಲೆದರ್ ಹೊಸದು. ನಮ್ಮ ಇಂಜಿನಿಯರ್ ಅದನ್ನೆಲ್ಲ ಕಣ್ಣೆತ್ತಿಯೂ ನೋಡಲಿಲ್ಲ. ಟಾಯ್ಲೆಟ್ ಪಕ್ಕದ ನೆಲದ ಹಲಗೆ ಎತ್ತಿಸಿ ಟಾರ್ಚ್ ಬಿಟ್ಟರು. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಉಪ್ಪು ಚೆಲ್ಲಿದ ಹಾಗೆ. ಅಂದರೆ ಲೋಹಕ್ಕೆ ತುಕ್ಕು ಹಿಡಿದಿದೆ. ಉಗುರಲ್ಲಿ ಕೆರೆದರೆ ಪದರ ಪದರವಾಗಿ ಎದ್ದು ಬಂತು. ಲಾಗ್‌ಬುಕ್ ತೆಗೆದರೆ ಲ್ಯಾಂಡಿಂಗ್ ಗೇರಿನ ಒಂದು ಭಾಗ ಯಾವಾಗ ಬದಲಾಗಿದೆ ಅನ್ನುವುದಕ್ಕೆ ಕಾಗದವೇ ಇಲ್ಲ.

ವ್ಯಾಪಾರ ಬಿಟ್ಟು ಬಂದೆವು. ಆದರೆ ಅಡ್ವಾನ್ಸ್ ಆಗಲೇ ಮಾರುವವರ ಖಾತೆಗೆ ಹೋಗಿತ್ತು. ಅದರಲ್ಲಿ ಅರ್ಧ ವಾಪಸ್ ಬರಲು ತಿಂಗಳುಗಟ್ಟಲೆ ಹಿಡಿಯಿತು, ಉಳಿದದ್ದು ಬರಲೇ ಇಲ್ಲ. ಆ ಒಪ್ಪಂದ ಓದಿ ‘ಸರಿ ಇದೆ, ಸಹಿ ಹಾಕಿ’ ಅಂದವರು ನಾವೇ. ತಪ್ಪು ನಮ್ಮದು.

ವಾಪಸ್ ಬರುವಾಗ ಆ ಗ್ರಾಹಕರು ಕೇಳಿದರು: “ಇವತ್ತು ಕಮಿಷನ್ ಬಿಟ್ಟು ಬೇಡ ಅಂದ್ರಿ, ಸಂತೋಷ. ಮುಂದಿನ ಸಲವೂ ಹಾಗೇ ಹೇಳ್ತೀರಿ ಅಂತ ನಾನು ಹೇಗೆ ನಂಬಲಿ?” ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮಲ್ಪೆಯಲ್ಲಿ ಹಳೆ ಬೋಟು ಕೊಳ್ಳುವವರು ದಡಕ್ಕೆ ಎಳೆಸಿ ಅಡಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಕೋಟಿಗಟ್ಟಲೆಯ ಜೆಟ್‌ಗೆ ಮಾತ್ರ ಫೋಟೋ ನೋಡಿ ಅಡ್ವಾನ್ಸ್ ಕಳಿಸುವ ಅಭ್ಯಾಸ ಹೇಗೆ ಬಂತೋ! ಇನ್ನು ಮುಂದೆ ಅಡ್ವಾನ್ಸ್ ಮೂರನೆಯವರ ಎಸ್ಕ್ರೋ ಖಾತೆಯಲ್ಲಿ, ಅಂದರೆ ವ್ಯಾಪಾರ ಕುದುರುವ ತನಕ ಇಬ್ಬರ ಪರವಾಗಿ ದುಡ್ಡು ಹಿಡಿದಿಡುವ ಖಾತೆಯಲ್ಲಿ ಇರುತ್ತದೆ. ತಪಾಸಣೆಯ ವರದಿ ಓದಿ ನೀವು ಲಿಖಿತವಾಗಿ ಒಪ್ಪುವ ತನಕ ಅದು ನಿಮ್ಮದೇ ದುಡ್ಡು. ಆ ವಿಮಾನವನ್ನು ಹಿಂದೆ ರಿಪೇರಿ ಮಾಡಿದ ಶೆಡ್ಡಿನಲ್ಲಿ ತಪಾಸಣೆ ಮಾಡಿಸುವುದಿಲ್ಲ. ತಮ್ಮ ಕೆಲಸದಲ್ಲಿ ತಾವೇ ತಪ್ಪು ಹುಡುಕುವವರು ಕಡಿಮೆ. ತಪಾಸಣೆಯ ಖರ್ಚು ಮಾತ್ರ ನಿಮ್ಮದು, ಕಡಿಮೆಯೇನೂ ಆಗುವುದಿಲ್ಲ.

ಇಂಜಿನ್ ವಿಷಯದಲ್ಲಿ ನಾವು ಇನ್ನೂ ಹಟ ಮಾಡುತ್ತೇವೆ. ಉದಾಹರಣೆಗೆ ಹಾಕರ್ 800ಎಕ್ಸ್‌ಪಿ ಅನ್ನುವ ಬಿಸಿನೆಸ್ ಜೆಟ್ ನೋಡಿ. ಅದರ ಹನಿವೆಲ್ ಇಂಜಿನ್‌ಗೆ 2,100 ಗಂಟೆಗೊಮ್ಮೆ ದೊಡ್ಡ ತಪಾಸಣೆ, 4,200 ಗಂಟೆಗೆ ಒಳಗಿನ ಕೋರ್ ಬಿಚ್ಚುವ ಕೆಲಸ. ಅಗ್ಗಕ್ಕೆ ಸಿಕ್ಕಿತು ಅಂತ 4,100 ಗಂಟೆ ಓಡಿದ್ದನ್ನು ತಂದರೆ ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಗುತ್ತದೆ. ಅದೂ ಎರಡು ಇಂಜಿನ್! ಮುಂದೆ ಬರುವ ಇಂಜಿನ್ ಕೆಲಸಕ್ಕೆ ಅಂತ ಹಾರಿದ ಗಂಟೆಗೆ ಇಷ್ಟು ಕಟ್ಟುವ ಸ್ಕೀಮಿನಲ್ಲಿ ವಿಮಾನ ಇದೆಯಾ, ಬಾಕಿ ಇದೆಯಾ, ನಿಮ್ಮ ಹೆಸರಿಗೆ ಬರುತ್ತದಾ, ಇದನ್ನೂ ಮೊದಲೇ ಬರಹದಲ್ಲಿ ಕೇಳುತ್ತೇವೆ. ಎಷ್ಟು ಹಳೆಯ ವಿಮಾನ ದೇಶಕ್ಕೆ ತರಬಹುದು ಎಂಬುದಕ್ಕೆ ಡಿಜಿಸಿಎ (ಸರ್ಕಾರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಿತಿ ಇದೆ. ಅದನ್ನು ನೋಡದೆ ನಾವು ಟಿಕೆಟ್ ಕೂಡ ಬುಕ್ ಮಾಡುವುದಿಲ್ಲ.

‘ಬಜ್ಪೆಯಲ್ಲಿ ಇಳಿಯುತ್ತಾ?’ ಅಂತ ನಮ್ಮ ಮಂಗಳೂರು ಏರ್‌ಪೋರ್ಟ್ ಬಗ್ಗೆ ತುಂಬಾ ಜನ ಕೇಳುತ್ತೀರಿ. ಅಲ್ಲಿನ ರನ್‌ವೇ 2,450 ಮೀಟರ್, ಈ ವರ್ಗದ ಜೆಟ್‌ಗೆ ಸಾಕು. ಗುಡ್ಡದ ತುದಿ ಸಮ ಮಾಡಿ ಕಟ್ಟಿದ, ಅಂಚು ದಾಟಿದರೆ ಇಳಿಜಾರಿರುವ ಟೇಬಲ್‌ಟಾಪ್ ರನ್‌ವೇ ಆದ್ದರಿಂದ ಜೂನ್, ಜುಲೈ ಮಳೆಯಲ್ಲಿ ಪೈಲಟ್ ಬೇಡ ಅಂದರೆ ಬೇಡ, ಅಷ್ಟೇ. ನಮಗೆ ಜಾಸ್ತಿ ಚಿಂತೆ ಉಪ್ಪುಗಾಳಿಯದ್ದು. ಮನೆಯ ಗೇಟು ನೋಡಿದರೇ ಗೊತ್ತಾಗುತ್ತದಲ್ಲ. ಬಯಲಲ್ಲಿ ನಿಲ್ಲಿಸುವ ಯೋಚನೆ ಇದ್ದರೆ ಕೊಳ್ಳುವ ಮೊದಲೇ ಹೇಳಿ.

ಕಡಿಮೆ ಬೆಲೆಯ ವಿಮಾನಕ್ಕೆ ಹೊಸ ಫೀಸು ಹಳೆ ಕಮಿಷನ್‌ಗಿಂತ ಸ್ವಲ್ಪ ಜಾಸ್ತಿಯೇ ಬೀಳಬಹುದು. ಮುಚ್ಚಿಡುವುದಿಲ್ಲ. ಈಗಾಗಲೇ ಸಹಿ ಆಗಿರುವವರು ಹಳೆ ಕ್ರಮದಲ್ಲೇ ಮುಂದುವರಿಯಬಹುದು, ಹೊಸದಕ್ಕೂ ಬದಲಾಗಬಹುದು. ಬದಲಾಗುವುದಿದ್ದರೆ ಒಪ್ಪಂದದ ಪ್ರತಿ ಹಿಡಿದು ಮಾರ್ಚ್ ಮುಗಿಯುವುದರೊಳಗೆ ಕದ್ರಿ ಆಫೀಸಿಗೆ ಬನ್ನಿ. ಶನಿವಾರ ಮಧ್ಯಾಹ್ನದವರೆಗೂ ಇರುತ್ತೇವೆ.

ಇಂತಿ,
ನಿಮ್ಮ ವಿಮಾನ ಖರೀದಿ ಸಲಹೆಗಾರರು
ಕದ್ರಿ, ಮಂಗಳೂರು