ಮ್ಯಾರಿನರ್ಸ್ ಸ್ಕೋರ್ ಪುಸ್ತಕದ ಖಾಲಿ ಚೌಕ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಗೆ ನಾನು ಬರೆಯುತ್ತಿರುವುದು ಇದೇ ಮೊದಲು. ತೀರ್ಥಹಳ್ಳಿಯಲ್ಲಿರುವ ನಮ್ಮ ಅಪ್ಪಯ್ಯ ನಿಮ್ಮ ಪತ್ರಿಕೆಯನ್ನು ಕ್ರೀಡಾ ಪುಟದಿಂದಲೇ ಓದಲು ಶುರು ಮಾಡುತ್ತಾರೆ. ನಾನು ಇಲ್ಲಿ ಸಿಯಾಟಲ್ ಹತ್ತಿರದ ರೆಂಟನ್‌ನಲ್ಲಿ ಕೂತು ಅದೇ ಪುಟವನ್ನು ಮೊಬೈಲಿನಲ್ಲಿ ಓದುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಅಪ್ಪಯ್ಯ ಫೋನ್ ಮಾಡಿ, "ಎಂತ ಆಯ್ತೇ ನಿನ್ನ ಟೀಮು? ಪೇಪರಲ್ಲಿ ಎಂತದೂ ಬರಲಿಲ್ಲ" ಅಂದರು. ನನಗೆ ಮಾತು ಹೊರಡಲಿಲ್ಲ, ಅಳು ಬಂತು. ಆವತ್ತು ಹೇಳಲು ಆಗದೇ ಹೋದದ್ದನ್ನು ಈಗ ಬರೆಯುತ್ತಿದ್ದೇನೆ. 2026ರ ಬೇಸ್‌ಬಾಲ್ ಸೀಸನ್ ಈ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಅಷ್ಟರೊಳಗೆ ಇದು ಅಚ್ಚಾದರೆ ಅಪ್ಪಯ್ಯನೂ ಓದುತ್ತಾರೆ.

ನನ್ನ ಟೀಮು ಸಿಯಾಟಲ್ ಮ್ಯಾರಿನರ್ಸ್. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಅದರಲ್ಲಿ 29 ತಂಡಗಳು ಒಂದು ಸಲವಾದರೂ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಆಡಿವೆ. ಆಡದೇ ಇರುವುದು ನಮ್ಮದೊಂದೇ. 1977ರಲ್ಲಿ ಶುರುವಾದ ತಂಡ ಇದು. ಅದೇ ವರ್ಷ ನಮ್ಮ ಜೊತೆಗೇ ಶುರುವಾದ ಟೊರಾಂಟೊ 1992 ಮತ್ತು 1993ರಲ್ಲಿ ಎರಡು ಸಲ ಕಪ್ ಗೆದ್ದುಕೊಂಡು ಹೋಯಿತು. ಆರ್‌ಸಿಬಿಗಾಗಿ 18 ವರ್ಷ ಕಾದವರಿಗೆ ನನ್ನ ಹೊಟ್ಟೆಸಂಕಟ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು 2000ದಲ್ಲಿ. ಯಜಮಾನರು ಆಫೀಸಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಅಡುಗೆಮನೆಯ ಕಿಟಕಿಯ ಮೇಲೆ ಒಂದು ಹಳೇ ರೇಡಿಯೊ ಇತ್ತು. ಅದರಲ್ಲಿ ಡೇವ್ ನೀಹಾಸ್ ಅವರ ಕಾಮೆಂಟರಿ ಬರುತ್ತಿತ್ತು. ತಂಡದ ಮೊದಲ ವರ್ಷದಿಂದ 2010ರಲ್ಲಿ ತೀರಿಕೊಳ್ಳುವ ತನಕ ಮ್ಯಾರಿನರ್ಸ್‌ನ ದನಿ ಅಂದರೆ ಅವರದೇ. ಚೆಂಡು ಗೋಡೆಯಾಚೆ ಹೋಗುವಾಗ "ಮೈ ಓ ಮೈ" ಅಂತ ಎಳೆಯುತ್ತಿದ್ದರು. ಆಟ ಅರ್ಥವಾಗುವ ಮೊದಲೇ ಆ ದನಿ ಇಷ್ಟವಾಯಿತು. ಸಣ್ಣವಳಿದ್ದಾಗ ನಮ್ಮ ಮನೆಯ ಜಗುಲಿಯಲ್ಲಿ ಅಪ್ಪಯ್ಯನ ಪಕ್ಕ ಕೂತು ರೇಡಿಯೊದಲ್ಲಿ ಕ್ರಿಕೆಟ್ ಕೇಳಿದವಳು ನಾನು. ಅದಕ್ಕೇ ಇರಬೇಕು, ಈ ಊರಿನಲ್ಲಿ ಮೊದಲು ನನ್ನದು ಅನ್ನಿಸಿದ್ದು ಆ ಕಾಮೆಂಟರಿ.

2001ರಲ್ಲಿ ಜಪಾನಿನಿಂದ ಇಚಿರೊ ಅನ್ನುವ ಆಟಗಾರ ಬಂದರು. ಆ ವರ್ಷ ನಮ್ಮವರು 162 ಪಂದ್ಯಗಳಲ್ಲಿ 116 ಗೆದ್ದರು. ಆದರೂ ಸೆಮಿಫೈನಲ್ ಥರದ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತರು. ಮುಂದಿನ ವರ್ಷ ನೋಡಿಕೊಳ್ಳೋಣ ಅಂದುಕೊಂಡೆ. ಆಮೇಲೆ ಪ್ಲೇಆಫ್ ಮುಖ ನೋಡಿದ್ದೇ 2022ರಲ್ಲಿ. ನನ್ನ ಮಗಳು ಹುಟ್ಟಿ, ಬೆಳೆದು, ಹೈಸ್ಕೂಲು ಮುಗಿಸುವ ತನಕ ಏನೂ ಇಲ್ಲ.

ಇನ್ನು ಕಳೆದ ವರ್ಷದ ಮಾತು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ.

ನಮ್ಮ ಕ್ಯಾಚರ್ ಕ್ಯಾಲ್ ರಾಲಿ ಒಂದೇ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದರು. ಕ್ಯಾಚರ್ ಅಂದರೆ ವಿಕೆಟ್ ಕೀಪರ್ ಇದ್ದ ಹಾಗೆ. ಅದಕ್ಕೆ ಮೊದಲು ಕ್ಯಾಚರ್ ಒಬ್ಬರ ದಾಖಲೆ 48 ಇತ್ತು. ಅಪ್ಪಯ್ಯನಿಗೆ ಹೇಳಿದೆ. "ಕೀಪರ್ರೇ 60 ಸಿಕ್ಸರ್ ಹೊಡೆದನಾ? ಮಂಡಿ ನೋವಾಗಲ್ವಾ ಅವನಿಗೆ?" ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಜುಲೈನಲ್ಲಿ ನಡೆದ ಹೋಮ್ ರನ್ ಸ್ಪರ್ಧೆಯನ್ನೂ ರಾಲಿಯೇ ಗೆದ್ದರು. ಅಲ್ಲಿ ಅವರಿಗೆ ಚೆಂಡು ಎಸೆದವರು ಅವರ ಅಪ್ಪ, ಹಿಂದೆ ಕ್ಯಾಚರ್ ಆಗಿ ಕೂತವನು ಹೈಸ್ಕೂಲು ಹುಡುಗ, ಅವರ ತಮ್ಮ. ಆ ವಿಡಿಯೊ ಕಳಿಸಿದಾಗ ಅಪ್ಪಯ್ಯ ಎರಡು ಸಲ ನೋಡಿದರಂತೆ. ಸೆಪ್ಟೆಂಬರ್ 24ರ ರಾತ್ರಿ 60ನೆಯದು ಬಂತು. ಅದೇ ರಾತ್ರಿ ನಾವು 2001ರ ನಂತರ ಮೊದಲ ಸಲ ನಮ್ಮ ವಿಭಾಗ ಗೆದ್ದೆವು.

ಅಕ್ಟೋಬರ್ 10ಕ್ಕೆ ಡೆಟ್ರಾಯಿಟ್ ಎದುರು ಪ್ಲೇಆಫ್ ಸರಣಿಯ ಐದನೇ ಪಂದ್ಯ. ಗೆದ್ದವರು ಮುಂದೆ, ಸೋತವರು ಮನೆಗೆ. ನಾನೂ ಮಗಳೂ ಸ್ಟೇಡಿಯಂಗೆ ಹೋಗಿದ್ದೆವು. ನನಗೆ ಸ್ಕೋರ್ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುವ ಅಭ್ಯಾಸ. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಪ್ರತಿ ಇನಿಂಗ್ಸ್‌ಗೆ ಒಂದು ಚೌಕ. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ. ಆವತ್ತು ಡೆಟ್ರಾಯಿಟ್‌ನ ಎಸೆತಗಾರ ಟರಿಕ್ ಸ್ಕೂಬಲ್ 13 ಸಲ ನಮ್ಮವರನ್ನು ಸ್ಟ್ರೈಕ್‌ಔಟ್ ಮಾಡಿದರು. ಪುಟ ತುಂಬ ಬರೀ ಕೆ. ಆಟ ಮಾತ್ರ 2-2. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದದ್ದು ಹತ್ತಾಯಿತು, ಹನ್ನೆರಡಾಯಿತು. ನನ್ನ ಪುಟದ ಚೌಕಗಳೇ ಮುಗಿದವು. ಮಗಳು ಪುಟ ತಿರುಗಿಸಿ ಹಿಡಿದುಕೊಂಡಳು, ನಾನು ಮುಂದಿನ ಪುಟದಲ್ಲಿ ಹೆಸರುಗಳನ್ನೆಲ್ಲ ಮತ್ತೆ ಬರೆದೆ. ಚಳಿಗೆ ಬೆರಳು ಮರಗಟ್ಟಿತ್ತು. ಪಂದ್ಯದ ಶುರುವಿಗಷ್ಟೇ ಎಸೆಯಲು ಬರುವ ನಮ್ಮ ಗಿಲ್ಬರ್ಟ್, ಕಸ್ಟೀಯೊ ಇಬ್ಬರೂ ಆವತ್ತು ರಿಲೀಫ್‌ಗೆ, ಅಂದರೆ ನಡುವೆ ಬಂದು ಎಸೆದರು. 15ನೇ ಇನಿಂಗ್ಸ್‌ನಲ್ಲಿ ಪೊಲಾಂಕೊ ಬಲಗಡೆಗೆ ಒಂದು ಸಿಂಗಲ್ ಹೊಡೆದರು, ಕ್ರಾಫರ್ಡ್ ಓಡಿ ಬಂದರು, ನಾವು ಗೆದ್ದೆವು. ಹೆಚ್ಚುಕಡಿಮೆ ಐದು ಗಂಟೆಯ ಆಟ. ಪಕ್ಕದ ಸೀಟಿನ ಗುರುತಿಲ್ಲದ ಅಜ್ಜಿ ನನ್ನನ್ನು ತಬ್ಬಿಕೊಂಡರು.

ಹತ್ತು ದಿನ ಕಳೆದ ಮೇಲೆ, ಅಕ್ಟೋಬರ್ 20ಕ್ಕೆ, ಟೊರಾಂಟೊದಲ್ಲಿ ಏಳನೇ ಪಂದ್ಯ. ಗೆದ್ದರೆ ವರ್ಲ್ಡ್ ಸೀರೀಸ್. ಆ ಪಂದ್ಯದಲ್ಲಿ ನಾವು 3-1 ರನ್ ಮುಂದೆ ಇದ್ದೆವು. ಏಳನೇ ಇನಿಂಗ್ಸ್‌ನಲ್ಲಿ ಅವರ ಇಬ್ಬರು ಬೇಸ್ ಮೇಲೆ, ಅಂದರೆ ರನ್‌ಗೆ ಓಡಲು ಕಾದು ನಿಂತಿದ್ದರು, ಒಂದು ಔಟ್. ನಮಗೆ ಬೇಕಾಗಿದ್ದದ್ದು ಇನ್ನು ಎಂಟೇ ಔಟ್. ಬ್ಯಾಟಿಂಗ್‌ಗೆ ಜಾರ್ಜ್ ಸ್ಪ್ರಿಂಗರ್ ಬಂದರು. ನಮ್ಮ ಕಡೆಯಿಂದ ಎಸೆಯುತ್ತಿದ್ದವರು ಎಡ್ವರ್ಡ್ ಬಜಾರ್ಡೊ. ಚೆಂಡು ಎಡಗಡೆಯ ಗೋಡೆಯಾಚೆ ಬಿತ್ತು. 4-3, ಅವರು ಮುಂದೆ. ಕೊನೆಯ ಇನಿಂಗ್ಸ್‌ನಲ್ಲಿ ನಮ್ಮ ಹೂಲಿಯೊ ರೊಡ್ರಿಗೆಜ್ ಬೀಸಿ ಸ್ಟ್ರೈಕ್‌ಔಟ್ ಆದರು. ಕೊನೆಯ ಕೆ ಬರೆದೆ. ಅದರ ಕೆಳಗಿನ ಚೌಕ ಖಾಲಿ ಉಳಿಯಿತು. ಮುಂದೆ ಬರಬೇಕಾಗಿದ್ದವರು ರಾಲಿ.

ಆ ಪುಟವನ್ನು ಈ ಚಳಿಗಾಲದಲ್ಲಿ ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಬಜಾರ್ಡೊ ಮೇಲೆ ನನಗೆ ಸಿಟ್ಟಿಲ್ಲ. ವರ್ಷವಿಡೀ ದುಡಿದ ಹುಡುಗ ಅವರು. ಮ್ಯಾನೇಜರ್ ಡ್ಯಾನ್ ವಿಲ್ಸನ್ ಮೇಲೂ ನನಗೆ ಗೌರವವೇ. 2001ರಲ್ಲಿ ಕ್ಯಾಚರ್ ಆಗಿ ಆಡಿದವರು ಅವರು, ರೇಡಿಯೊದಲ್ಲಿ ಅವರ ಹೆಸರು ಕೇಳುತ್ತಲೇ ನಾನು ಆಟ ಕಲಿತದ್ದು. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಅತ್ಯುತ್ತಮ ಎಸೆತಗಾರ ಆಂಡ್ರೆಸ್ ಮುನ್ಯೋಸ್ ಅವರನ್ನು ಆ ಹೊತ್ತಿಗೆ ಕರೆಯಲಿಲ್ಲ. ಅವರು ಕ್ಲೋಸರ್. ಮುಂದೆ ಇದ್ದಾಗ ಒಂಬತ್ತನೇ ಇನಿಂಗ್ಸ್ ಮುಗಿಸಿಕೊಡುವುದು ಕ್ಲೋಸರ್ ಕೆಲಸ ಅಂತ ಹಿಂದಿನಿಂದ ನಡೆದು ಬಂದಿದೆ. ಆದರೆ ಆವತ್ತು ಪಂದ್ಯ ಮುರಿದದ್ದು ಏಳನೆಯದರಲ್ಲಿ. 20ನೇ ಓವರ್‌ಗೆ ಇರಲಿ ಅಂತ ಬುಮ್ರಾ ಅವರನ್ನು ಉಳಿಸಿಕೊಂಡು 17ನೇ ಓವರ್‌ನಲ್ಲೇ ಪಂದ್ಯ ಕೈಬಿಟ್ಟರೆ ಹೇಗಿರುತ್ತದೆ? ಹಾಗೆಯೇ ಇದು.

ಈ ವರ್ಷ ನನಗೆ ಬೇಕಾಗಿರುವುದು ಇದೊಂದೇ. ಇನಿಂಗ್ಸ್ ಎಷ್ಟನೆಯದು ಅಂತ ನೋಡಬೇಡಿ, ಪಂದ್ಯ ಎಲ್ಲಿ ತೂಗಾಡುತ್ತಿದೆ ನೋಡಿ. ಅಲ್ಲಿಗೆ ಮುನ್ಯೋಸ್ ಅವರನ್ನು ಕಳಿಸಿ. ಒಂಬತ್ತನೆಯದನ್ನು ಮುಗಿಸಲು ಬೇರೆಯವರು ಇದ್ದಾರೆ. ಇದನ್ನು ಅಕ್ಟೋಬರಿನಲ್ಲಿ ಹೊಸದಾಗಿ ಶುರು ಮಾಡಲು ಆಗುವುದಿಲ್ಲ. ಏಪ್ರಿಲ್‌ನಿಂದಲೇ ರೂಢಿಯಾಗಬೇಕು. ಎಸೆಯುವವರಿಗೂ ಯಾವಾಗ ಮೈ ಬಿಸಿ ಮಾಡಿಕೊಳ್ಳಬೇಕು ಅನ್ನುವುದು ಗೊತ್ತಿರಬೇಕಲ್ಲ. ಚಳಿಗಾಲದಲ್ಲಿ ವಾಷಿಂಗ್ಟನ್ ತಂಡದಿಂದ ಹೊಸೆ ಫೆರೆರ್ ಅನ್ನುವ ಎಡಗೈ ರಿಲೀವರ್‌ನನ್ನು ತಂದಿದ್ದಾರೆ. ಅವರಿಗಾಗಿ ಹ್ಯಾರಿ ಫೋರ್ಡ್ ಎಂಬ ಎಳೆಯ ಕ್ಯಾಚರ್‌ನನ್ನು ಬಿಟ್ಟುಕೊಟ್ಟದ್ದು ನನಗೆ ನೋವಾಯಿತು. ಆದರೂ ನಾನು ಒಪ್ಪುತ್ತೇನೆ. ಏಳು, ಎಂಟನೇ ಇನಿಂಗ್ಸ್‌ಗೆ ಇನ್ನೊಂದು ಗಟ್ಟಿ ತೋಳು ಬೇಕೇ ಬೇಕಿತ್ತು.

ಎರಡನೆಯದು ಅಪ್ಪಯ್ಯ ಕೇಳಿದ ಮಂಡಿಯ ಮಾತು. ರಾಲಿ ಕಳೆದ ವರ್ಷ 162ರಲ್ಲಿ 159 ಪಂದ್ಯ ಆಡಿದರು. ಕೆಲವು ದಿನ ಬರೀ ಬ್ಯಾಟಿಂಗ್ ಮಾಡಿದರು ನಿಜ. ಆದರೆ ಕ್ಯಾಚರ್ ಆದ ದಿನ ಒಂದೊಂದು ಎಸೆತಕ್ಕೂ ಕುಕ್ಕುರುಗಾಲಲ್ಲಿ ಕೂರಬೇಕು, ಏಳಬೇಕು. ದಿನಕ್ಕೆ ನೂರಕ್ಕೂ ಹೆಚ್ಚು ಸಲ. ಗಂಟೆಗೆ 150 ಕಿಲೋಮೀಟರ್ ಮೀರಿದ ಚೆಂಡುಗಳು ಕೈಗೆ, ತೊಡೆಗೆ, ಮುಖದ ಜಾಲರಿಗೆ ಬಡಿಯುತ್ತವೆ. ಅವರಾಗಿ ಸಾಕು ಅನ್ನುವವರಲ್ಲ. ಬೇರೆಯವರೇ ಕೂರಿಸಬೇಕು. ವಾರಕ್ಕೆ ಒಂದು ದಿನ ಪೂರ್ತಿ ರಜೆ ಕೊಡಿ. ಬ್ಯಾಟೂ ಬೇಡ, ಗ್ಲೌಸೂ ಬೇಡ. ಈ ವರ್ಷ 60ರ ಬದಲು 40 ಹೊಡೆದರೂ ನನಗೆ ಬೇಸರವಿಲ್ಲ, ಅಕ್ಟೋಬರಿನಲ್ಲಿ ಅವರ ಕಾಲಿನಲ್ಲಿ ಬಲ ಇರಬೇಕು.

ಅವರಿಗೆ ಈ ವರ್ಷ ಇನ್ನೂ ಒಂದು ಕೆಲಸ ಜಾಸ್ತಿಯಾಗಿದೆ. ಎಸೆತ ಸ್ಟ್ರೈಕೋ (ಸರಿಯಾದ ಜಾಗಕ್ಕೆ ಬಂತೋ) ಬಾಲೋ (ಹೊರಗೆ ಹೋಯಿತೋ) ಅನ್ನುವ ಅಂಪೈರ್ ತೀರ್ಪನ್ನು ಇನ್ನು ಮೇಲೆ ಪ್ರಶ್ನಿಸಬಹುದು. ನಮ್ಮ ಡಿಆರ್‌ಎಸ್ ಥರವೇ. ತಂಡಕ್ಕೆ ಎರಡು ಅವಕಾಶ, ಸರಿಯಾದರೆ ಅದು ಉಳಿಯುತ್ತದೆ. ಬ್ಯಾಟರ್, ಚೆಂಡು ಎಸೆಯುವ ಪಿಚರ್, ಕ್ಯಾಚರ್, ಈ ಮೂವರಲ್ಲಿ ಒಬ್ಬರು ತಕ್ಷಣ ತಲೆ ಮುಟ್ಟಿ ಕೇಳಬೇಕು. ಹೊರಗಿನಿಂದ ಯಾರೂ ಹೇಳಿಕೊಡುವ ಹಾಗಿಲ್ಲ. ಎಸೆತವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಕ್ಯಾಚರ್. ಹಾಗಾಗಿ ಕೇಳುವುದನ್ನು ರಾಲಿಗೇ ಬಿಡಬೇಕು, ಪಿಚರ್‌ಗಳು ಆತುರಪಡಬಾರದು. ತಾನು ಎಸೆದದ್ದೆಲ್ಲ ಸ್ಟ್ರೈಕ್ ಅಂತಲೇ ಪಿಚರ್‌ಗೆ ಕಾಣುತ್ತದೆ!

ಪಿಚಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಲ್ಬರ್ಟ್, ಕರ್ಬಿ, ವೂ, ಕಸ್ಟೀಯೊ, ಮಿಲ್ಲರ್, ಇವರು ಐವರೂ ಆರೋಗ್ಯವಾಗಿದ್ದರೆ ಈ ಲೀಗ್‌ನಲ್ಲಿ ಇಂಥ ಸಾಲು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಕಳೆದ ವರ್ಷ ಅವರು ಒಟ್ಟಿಗೆ ಇದ್ದದ್ದೇ ಕಡಿಮೆ. ಒಬ್ಬರಿಗೆ ಮೊಣಕೈ, ಇನ್ನೊಬ್ಬರಿಗೆ ಭುಜ. ಬ್ರಯಾನ್ ವೂ ಮಾತ್ರ ಮೊದಲ 25 ಪಂದ್ಯಗಳಲ್ಲಿ ಒಂದರಲ್ಲೂ ಆರು ಇನಿಂಗ್ಸ್‌ಗೆ ಕಡಿಮೆ ಎಸೆಯಲಿಲ್ಲ. ಸೆಪ್ಟೆಂಬರಿನಲ್ಲಿ ಅವರಿಗೂ ಎದೆಯ ಸ್ನಾಯು ಹಿಡಿದುಕೊಂಡಿತು.

ಬ್ಯಾಟಿಂಗ್‌ನಲ್ಲಿ ನನಗೆ ಸಮಾಧಾನ ತಂದದ್ದು ಜಾಶ್ ನೇಲರ್ ಉಳಿದುಕೊಂಡದ್ದು. ಐದು ವರ್ಷಕ್ಕೆ 9 ಕೋಟಿ 25 ಲಕ್ಷ ಡಾಲರ್ ಕೊಟ್ಟಿದ್ದಾರೆ. ದುಬಾರಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಪ್ಪ ಮೈ, ನಿಧಾನದ ಓಟ, ಆದರೂ ಕಳೆದ ವರ್ಷ 30 ಬೇಸ್ ಕದ್ದರು, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿದರು. ಕಾಲಿನ ಓಟದಿಂದ ಅಲ್ಲ, ಪಿಚರ್ ಯಾವಾಗ ಮೈಮರೆಯುತ್ತಾನೆ ಅಂತ ಕಣ್ಣಿಟ್ಟು ಕಾದು. ಅಂಥ ತಲೆ ಇರುವವರು ಡಗ್‌ಔಟ್‌ನಲ್ಲಿ ಇರಬೇಕು. ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋದರು, ಸುವಾರೆಜ್ ಸಿನ್ಸಿನಾಟಿಗೆ ಹೋದರು. ಟೊರಾಂಟೊ ಎದುರು ಐದನೇ ಪಂದ್ಯದಲ್ಲಿ ಬೇಸ್‌ಗಳೆಲ್ಲ ತುಂಬಿದ್ದಾಗ ಸುವಾರೆಜ್ ಹೊಡೆದ ಹೋಮ್ ರನ್ ನಾನು ಸಾಯುವ ತನಕ ಮರೆಯುವುದಿಲ್ಲ. ಅವರ ನಗುವನ್ನೂ. ಸೇಂಟ್ ಲೂಯಿಸ್‌ನಿಂದ ಬ್ರೆಂಡನ್ ಡಾನೊವನ್ ಬಂದಿದ್ದಾರೆ. ದೊಡ್ಡ ಹೊಡೆತದವರಲ್ಲ, ಆದರೆ ಬೇಸ್‌ಗೆ ತಲುಪುವವರು. ನಮ್ಮ ಮೈದಾನಕ್ಕೆ ಅಂಥವರೇ ಸರಿ. ಇಲ್ಲಿ ಏಪ್ರಿಲ್, ಮೇ ಚಳಿಗೆ ಸಮುದ್ರದ ಕಡೆಯ ಗಾಳಿ ಭಾರವಾಗಿರುತ್ತದೆ, ಬೇರೆ ಊರಲ್ಲಿ ಗೋಡೆ ದಾಟುವ ಚೆಂಡು ಇಲ್ಲಿ ಫೀಲ್ಡರ್ ಕೈಗೆ ಬೀಳುತ್ತದೆ. ಎರಡನೇ ಬೇಸ್‌ನ ಹುಡುಗ ಕೋಲ್ ಯಂಗ್‌ಗೆ ಏಪ್ರಿಲ್‌ನಲ್ಲಿ ರನ್ ಬರದಿದ್ದರೂ ಕೈಬಿಡಬಾರದು. ಜೂನ್ ತನಕ ಬಿಟ್ಟು ನೋಡಲಿ.

ಹೂಲಿಯೊ ಬಗ್ಗೆ ಇಲ್ಲಿನ ಅಭಿಮಾನಿಗಳು ಗೊಣಗುತ್ತಾರೆ. ಸೀಸನ್ ಶುರುವಿನಲ್ಲಿ ನಿಧಾನ, ಬೇಸಿಗೆಯ ಬಿಸಿಲು ಬಂದ ಮೇಲೆ ಆಟ ಬರುತ್ತದೆ ಅಂತ. ಇರಲಿ. ಆ ಏಳನೇ ಪಂದ್ಯದಲ್ಲಿ ನಮ್ಮ ಮೊದಲ ರನ್ನಿಗೆ ದಾರಿ ಮಾಡಿದ್ದು ಅವರ ಡಬಲ್ (ಎರಡನೇ ಬೇಸ್ ತನಕ ತಲುಪಿಸಿದ ಹೊಡೆತ), ಎರಡನೆಯದು ಅವರದೇ ಹೋಮ್ ರನ್. ಕೊನೆಯ ಔಟ್ ಅವರದಾಯಿತು ಅಂತ ಅದೊಂದನ್ನೇ ನೆನಪಿಟ್ಟುಕೊಳ್ಳುವುದು ನ್ಯಾಯ ಅಲ್ಲ.

ಸಂಪಾದಕರೇ, ನನ್ನದೊಂದು ಸಣ್ಣ ಕೋರಿಕೆ. ಕ್ರೀಡಾ ಪುಟದಲ್ಲಿ ಜಾಗ ಕಡಿಮೆ ಅಂತ ಗೊತ್ತು. ವಾರಕ್ಕೊಮ್ಮೆ, ಒಂದು ಮೂಲೆಯಲ್ಲಿ, ಮೇಜರ್ ಲೀಗ್‌ನ ಅಂಕಪಟ್ಟಿ ಹಾಕಲು ಆಗುತ್ತದಾ? ನಾಲ್ಕೇ ಸಾಲು ಸಾಕು. ಅಪ್ಪಯ್ಯನಿಗೆ ಮೊಬೈಲಿನಲ್ಲಿ ಸಣ್ಣ ಅಕ್ಷರ ಕಾಣುವುದಿಲ್ಲ, ಪೇಪರಾದರೆ ಕಿಟಕಿ ಹತ್ತಿರ ಹಿಡಿದು ಓದುತ್ತಾರೆ. ಮೊನ್ನೆ ಫೋನಿನಲ್ಲಿ, "ಆ ಕೀಪರ್ ಹುಡುಗ ಈ ವರ್ಷವೂ ಇದ್ದಾನಲ್ವಾ?" ಅಂತ ಕೇಳಿದರು. ಇದ್ದಾರೆ ಅಪ್ಪಯ್ಯ. ಹೊಸ ಸ್ಕೋರ್ ಪುಸ್ತಕ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಅವರ ಹೆಸರು ಬರೆದಾಗಿದೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ರೆಂಟನ್, ವಾಷಿಂಗ್ಟನ್ ರಾಜ್ಯ, ಅಮೆರಿಕ