ಗಾಲ್ಫ್ ಕಥೆಗಳ ಓದುಗರಿಗೆ, ಮತ್ತು ಅಣ್ಣಯ್ಯನವರಿಗೆ

ಇಂಗ್ಲಿಷ್ ಹಾಸ್ಯ ಲೇಖಕ ಪಿ.ಜಿ. ವುಡ್‌ಹೌಸ್ ಅವರ ಗಾಲ್ಫ್ ಕಥೆಗಳ ಬಗ್ಗೆ ನೀವೆಲ್ಲ ಬರೆದು ಕಳಿಸಿದ ಅಭಿಪ್ರಾಯಗಳ ಪುಸ್ತಿಕೆ ಅಚ್ಚಾಗಿ ಕೈಸೇರಿದೆ. 1922ರ ‘ದ ಕ್ಲಿಕಿಂಗ್ ಆಫ್ ಕತ್‌ಬರ್ಟ್’, 1926ರ ‘ದ ಹಾರ್ಟ್ ಆಫ್ ಎ ಗೂಫ್’ ಎಂಬ ಎರಡು ಕಥಾಸಂಕಲನಗಳನ್ನೂ ನಮ್ಮ ಓದುಗ ಬಳಗ ಓದಿ ಮುಗಿಸಿದೆ. ಬಹುಪಾಲು ಜನ ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವರಲ್ಲ. ಆದರೂ ಇಷ್ಟು ಮನಸ್ಸಿಟ್ಟು ಓದಿ ಬರೆದಿರಿ. ನಿಮಗೆಲ್ಲ ನಮಸ್ಕಾರ.

ಹೆಚ್ಚು ಮತ ಬಿದ್ದದ್ದು ಕತ್‌ಬರ್ಟನ ಕಥೆಗೆ. ಸಾಹಿತ್ಯ ಗೋಷ್ಠಿಗೆ ಬಂದ ರಷ್ಯದ ದೊಡ್ಡ ಕಾದಂಬರಿಕಾರ ಬ್ರೂಸಿಲಾಫ್‌ಗೆ ಅಲ್ಲಿನ ಯಾವ ಸಾಹಿತಿಯೂ ಬೇಡ, ಗಾಲ್ಫ್ ಆಡುವ ಹುಡುಗನೇ ಬೇಕು ಎಂಬ ತಿರುವು ಯಾರಿಗೂ ವಿವರಣೆ ಇಲ್ಲದೆ ದಕ್ಕುತ್ತದೆ. ಆಟ ಬಲ್ಲ ಓದುಗರು ಮಾತ್ರ ‘ದ ಲಾಂಗ್ ಹೋಲ್’ ಕಡೆ ನಿಂತರು, ನಾವೂ ಅವರ ಕಡೆಯೇ. ಹೋಲ್ ಎಂದರೆ ಮೊದಲ ಹೊಡೆತದ ಜಾಗವಾದ ಟೀಯಿಂದ ಚೆಂಡು ಬೀಳಬೇಕಾದ ರಂಧ್ರದವರೆಗಿನ ಆಟದ ದಾರಿ, ಸಾಮಾನ್ಯವಾಗಿ ಉದ್ದದ್ದೆಂದರೆ ಸುಮಾರು 500 ಗಜ. ಇಲ್ಲಿ ಇಬ್ಬರು ಮೊದಲ ಟೀಯಿಂದ ಹೊರಟು 16 ಮೈಲಿ ಆಚೆಯ ಪಟ್ಟಣದ ಹೋಟೆಲ್ ಬಾಗಿಲಿನವರೆಗೆ ಒಂದೇ ಹೋಲ್ ಆಡುತ್ತಾರೆ. ಚೆಂಡು ಬಿದ್ದಲ್ಲಿಂದಲೇ ಆಡಬೇಕು ಎಂಬ ನಿಯಮವನ್ನು ಇಬ್ಬರೂ ಬಿಡುವುದಿಲ್ಲ. ನಗು ಹುಟ್ಟುವುದೇ ಆ ಹಟದಿಂದ. ಒಬ್ಬನ ಚೆಂಡು ಕಾರಿನೊಳಗೆ ಬಿದ್ದು ಕಾರು ಹೊರಟೇಬಿಡುತ್ತದೆ. ಇಂದಿನ 11.1ನೇ ನಿಯಮದಂತೆ, ಓಡುವ ವಸ್ತುವಿನ ಮೇಲೆ ನಿಂತ ಚೆಂಡನ್ನು ಅಲ್ಲಿಂದ ಹೊಡೆಯುವ ಹಾಗಿಲ್ಲ. ಅದು ಮೊದಲು ಎಲ್ಲಿ ಬಂದು ನಿಂತಿತೋ ಆ ಜಾಗದ ನೇರ ಕೆಳಗಿನ ನೆಲವನ್ನು ಅಂದಾಜಿಸಿ, ಅಲ್ಲಿಂದ ಒಂದು ಕೋಲುದ್ದದೊಳಗೆ, ರಂಧ್ರಕ್ಕೆ ಹತ್ತಿರವಾಗದಂತೆ, ದಂಡವಿಲ್ಲದೆ ಚೆಂಡು ಬಿಡಬೇಕು. ಈಗಿನ ರೂಲ್‌ಬುಕ್ ಹಿಡಿದು ಆಡಿದರೆ ಆ ಕಥೆ ಹೆಚ್ಚು ದೂರ ಸಾಗದು ಎಂದು ಬರೆದ ಓದುಗರ ಪತ್ರವನ್ನು ಮೊದಲ ಪುಟಕ್ಕೇ ಹಾಕಿದ್ದೇವೆ.

ಈ ಕಥೆಯಲ್ಲಿ, ಪಂದ್ಯ ಗೆದ್ದವನಿಗೆ ಸಿಗುವ ಬಹುಮಾನದಂತೆ ಹೆಣ್ಣನ್ನು ಇಟ್ಟಿದ್ದಾರೆ ಎಂಬ ಆಕ್ಷೇಪವನ್ನೂ ಒಂದಕ್ಷರ ಕತ್ತರಿಸದೆ ಅಚ್ಚು ಹಾಕಿದ್ದೇವೆ. ಆ ಮಾತು ನ್ಯಾಯವಾದದ್ದು. ಇವರಿಬ್ಬರೂ ಕಾದಾಡುತ್ತಿರುವಾಗ ಆಕೆ ಮೂರನೆಯವನಿಗೆ ಒಪ್ಪಿಗೆ ಕೊಟ್ಟಿರುತ್ತಾಳೆ ಎಂಬುದನ್ನೂ ಜೊತೆಗೆ ನೆನೆಯಬೇಕು.

ಅಕ್ಷರ ಜೋಡಿಸಿದವರು, ಕರಡು ತಿದ್ದಿದವರು, ಕಾಗದಕ್ಕೆ ದುಡ್ಡು ಹಾಕಿದವರು, ಜಾಗ ಕೊಟ್ಟು ಪ್ರತಿ ಸಲ ಕಾಫಿ ಮಾಡಿಕೊಟ್ಟ ಅಕ್ಕಂದಿರು, ಎಲ್ಲರಿಗೂ ಋಣಿ.

ಇನ್ನು ಅಣ್ಣಯ್ಯನವರ ವಿಷಯ. ಹೆಸರು ಹಾಕಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ, ಹಾಕುವುದಿಲ್ಲ. ಬದುಕಿಡೀ ಕ್ಯಾಡಿಯಾಗಿ, ಅಂದರೆ ಗಾಲ್ಫ್ ಆಟಗಾರರ ಕೋಲುಗಳ ಚೀಲ ಹೊತ್ತು, ದುಡಿದವರು, ಅವರ ತಂದೆಯೂ ಅದೇ ಕೆಲಸದವರು. ಈ ಕಥೆಗಳ ಟಿಪ್ಪಣಿಗಳೆಲ್ಲ ಅವರ ಬಾಯಿಂದ ಬಂದವು.

ಕಥೆಗಳಲ್ಲಿ ಬರುವ ಹಳೆಯ ಕೋಲುಗಳ ಹೆಸರಿಗೆ ನಿಘಂಟು ನೋಡಿದರೆ ಬ್ರಾಸಿ ಎಂದರೆ ಹೆಚ್ಚುಕಡಿಮೆ ಈಗಿನ 2 ವುಡ್, ಸ್ಪೂನ್ 3 ವುಡ್, ಮ್ಯಾಶಿ 5 ಐರನ್, ನಿಬ್ಲಿಕ್ 9 ಐರನ್. ನಂಬರು ಬರೆದರೆ ಓದುಗನಿಗೆ ಏನೂ ಕಾಣಿಸದು, ಕೋಲು ಮಾಡುವ ಕೆಲಸ ಬರೆಯಿರಿ ಎಂದರು ಅಣ್ಣಯ್ಯ. ನಿಬ್ಲಿಕ್‌ನ ಮುಖ ಬಹಳ ಹಿಂದಕ್ಕೆ ವಾಲಿರುತ್ತದೆ, ಮರಳಲ್ಲಿ ಹೂತ ಚೆಂಡನ್ನು ಮೇಲಕ್ಕೆತ್ತುತ್ತದೆ, ದೂರ ಒಯ್ಯುವುದಿಲ್ಲ. ಹಾಗಾಗಿ ನಾಯಕ ನಿಬ್ಲಿಕ್ ಕೇಳಿದ ಎಂದರೆ ಬಂಕರಿಗೆ, ಅಂದರೆ ಮರಳುಗುಂಡಿಗೆ, ಬಿದ್ದಿದ್ದಾನೆ ಎಂದರ್ಥ, ಆಟ ಬಲ್ಲವರು ಆ ಪದಕ್ಕೇ ನಗುತ್ತಾರೆ. ಚೆಂಡು ಕಳೆದರೂ ಅಷ್ಟೇ. ಟೀಯಿಂದ ಹೊಡೆದ ಒಂದು, ದಂಡವಾಗಿ ಎಣಿಸುವ ಹೊಡೆತ ಒಂದು, ವಾಪಸು ಬಂದು ಹೊಡೆಯುವುದು ಮೂರನೆಯದು. ಹುಡುಕಲು ಈಗ 3 ನಿಮಿಷ, 2019ಕ್ಕೆ ಮೊದಲು 5 ನಿಮಿಷ ಇತ್ತು. ಈ ಲೆಕ್ಕ ಕಥೆಗೆ ಮೊದಲೇ ಗೊತ್ತಿರಬೇಕು, ನಗುವ ಹೊತ್ತಿನಲ್ಲಿ ಪುಟದ ಅಡಿಗೆ ಕಣ್ಣು ಹೋದರೆ ನಗು ಸತ್ತಿತು ಎಂದರು. ಅದಕ್ಕೇ ಟಿಪ್ಪಣಿಗಳನ್ನೆಲ್ಲ ಕಥೆಯ ಮುಂಚೆ ಇಟ್ಟೆವು.

ನಮ್ಮ ಮೇಷ್ಟ್ರು ಆಸ್ಪತ್ರೆ ಸೇರಿದ ಆ ರಾತ್ರಿಯ ಸಂಗತಿ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವ ಶಕ್ತಿ ನಮಗಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಒಬ್ಬೊಬ್ಬರಾಗಿ ಮನೆಗೆ ಹೋಗಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕೂತವರು ಅಣ್ಣಯ್ಯ. ಪುಸ್ತಿಕೆ ಬೇಡ, ಇಲ್ಲಿಗೆ ಬಿಟ್ಟುಬಿಡೋಣ ಎಂದು ನಮ್ಮಲ್ಲೊಬ್ಬರು ಅತ್ತರು. ಅಣ್ಣಯ್ಯ ಸಮಾಧಾನದ ಮಾತೇನೂ ಆಡಲಿಲ್ಲ. “ಸ್ಟೈಮಿ ಟಿಪ್ಪಣಿ ಅರ್ಧಕ್ಕೆ ನಿಂತಿದೆಯಲ್ಲವ್ವ, ಬರ್ಕೊ” ಅಂದರು.

ಔಷಧಿ ಬಾಟಲಿಯ ಎರಡು ಮುಚ್ಚಳ ಬೆಂಚಿನ ಮೇಲಿಟ್ಟರು. ಕಾಫಿ ಲೋಟ ರಂಧ್ರ. ಗ್ರೀನ್ ಮೇಲೆ, ಅಂದರೆ ರಂಧ್ರದ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಎದುರಾಳಿಯ ಚೆಂಡು ನಮ್ಮ ದಾರಿಗೆ ಅಡ್ಡ ನಿಂತಿದೆ, ಇದೇ ಸ್ಟೈಮಿ. ಎರಡರ ನಡುವೆ 6 ಇಂಚಿಗಿಂತ ಹೆಚ್ಚು ಅಂತರವಿದ್ದರೆ, ಮ್ಯಾಚ್ ಪ್ಲೇಯಲ್ಲಿ, ಅಂದರೆ ಒಂದೊಂದು ಹೋಲ್ ಗೆಲ್ಲುತ್ತ ಆಡುವ ಪಂದ್ಯದಲ್ಲಿ, ಹಿಂದೆ ಅದನ್ನು ಎತ್ತಿಸುವ ಹಾಗಿರಲಿಲ್ಲ. ಸುತ್ತಿ ಹೋಗಬೇಕಿತ್ತು, ಇಲ್ಲವೇ ಹಾರಿಸಬೇಕಿತ್ತು. ಹಾರಿಸಹೋಗಿ ಗ್ರೀನ್ ಕೆತ್ತಿಹೋಗುತ್ತಿತ್ತು, ಎದುರಾಳಿಯ ಚೆಂಡನ್ನೇ ತಳ್ಳಿ ಒಳಗೆ ಹಾಕಿಕೊಟ್ಟವರೂ ಇದ್ದರು. 1952ರಲ್ಲಿ ಆ ನಿಯಮ ತೆಗೆದರು. ಈಗ ಚೆಂಡಿನ ಹಿಂದೆ ಗುರುತಿಟ್ಟು ಎತ್ತಿದರಾಯಿತು. ಅವರು ಹೇಳುತ್ತ ಹೋದರು, ನಮ್ಮವರು ಬರೆಯುತ್ತ ಹೋದರು, ಬೆಳಗಾಯಿತು. ಆ ಟಿಪ್ಪಣಿಯ ಒಂದು ಪದವನ್ನೂ ಆಮೇಲೆ ಬದಲಿಸಲಿಲ್ಲ.

ಅಣ್ಣಯ್ಯನವರೇ, ನಿಮಗೆ ಧನ್ಯವಾದ ಎಂದರೆ ಸಾಲದು. ಆ ರಾತ್ರಿ ನೀವಿಲ್ಲದಿದ್ದರೆ ನಾವು ಏನಾಗುತ್ತಿದ್ದೆವೋ.

ಅವರ ಸ್ವಂತ ಅಭಿಪ್ರಾಯವೂ ಪುಸ್ತಿಕೆಯಲ್ಲಿದೆ, ನಮ್ಮ ಪ್ರಕಾರ ಅದೇ ಅತ್ಯುತ್ತಮ. ಕಥೆ ಹೇಳುವ ಹಿರಿಯ ಸದಸ್ಯ ಕ್ಲಬ್ಬಿನ ಕುರ್ಚಿ ಬಿಟ್ಟೇಳುವುದು ಕಡಿಮೆ, ಹೊಡೆತಕ್ಕೆ ಮುಂಚೆ ಆಟಗಾರನ ಕೈ ನಡುಗುವುದನ್ನು ಮೊದಲು ಕಾಣುವವನು ಚೀಲ ಹೊತ್ತ ಕ್ಯಾಡಿ, ಅವನೇ ಹೇಳಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾದಾಗ ಚೀಲ ಹೊತ್ತಿದ್ದವರು ಅವರ ತಾಯಿ ಎಂಬುದನ್ನೂ ಅಲ್ಲಿ ನೆನೆದಿದ್ದಾರೆ.

ಮೇಷ್ಟ್ರು ಈಗ ಮನೆಯಲ್ಲಿದ್ದಾರೆ, ಪುಸ್ತಿಕೆ ಓದಿಸಿಕೊಂಡು ಕೇಳುತ್ತಿದ್ದಾರೆ. ತಡವಾಗಿ ಬಂದ ಪತ್ರಗಳನ್ನು ಎರಡನೇ ಮುದ್ರಣಕ್ಕೆ ಸೇರಿಸುತ್ತೇವೆ. ಪ್ರತಿ ಬೇಕಾದವರು ಮುಂದಿನ ಓದಿಗೆ ಬಂದಾಗ ತೆಗೆದುಕೊಳ್ಳಿ, ಅಣ್ಣಯ್ಯನವರೂ ಬರುತ್ತಾರೆ.