ಊಟದ ಬಿಡುವಿನ ಸಂಗೀತಕ್ಕೆ ಬೆಂಗಳೂರಿನ ಚರ್ಚುಗಳೂ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಲಂಡನ್ನಿಗೆ ಪ್ರವಾಸ ಬರುವ ಕನ್ನಡಿಗರು ಟ್ರಫಾಲ್ಗರ್ ಚೌಕವನ್ನು ತಪ್ಪದೇ ನೋಡುತ್ತಾರೆ. ನೆಲ್ಸನ್ ಸ್ತಂಭದ ಬಳಿ ಫೋಟೊ ತೆಗೆಸಿಕೊಂಡು, ನ್ಯಾಷನಲ್ ಗ್ಯಾಲರಿಯನ್ನು ಸುತ್ತಿ, ಪಕ್ಕದ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚಿನ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಆದರೆ ಆ ಮೆಟ್ಟಿಲು ಹತ್ತಿ ಒಳಗೆ ಹೋದರೆ, ಕೆಲವು ಕೆಲಸದ ದಿನಗಳ ಮಧ್ಯಾಹ್ನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿಯೊಂದನ್ನು ಕೇಳುವ ಅವಕಾಶವಿದೆ ಎಂಬುದು ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ. ಈ ನಗರದಲ್ಲಿ ದುಡಿಯುತ್ತ, ಊಟದ ಬಿಡುವಿನಲ್ಲಿ ಇಂಥ ಕಚೇರಿಗಳನ್ನು ಹಲವು ವರ್ಷಗಳಿಂದ ಕೇಳುತ್ತಿರುವ ನಾನು ಅದರ ಬಗ್ಗೆ ನಿಮ್ಮ ಓದುಗರಿಗೆ ತಿಳಿಸಬೇಕೆಂದೂ ಬೆಂಗಳೂರಿನ ಚರ್ಚುಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ ಮಾಡಬೇಕೆಂದೂ ಈ ಪತ್ರ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಕಚೇರಿಗಳಿಗೆ ಈ ನಗರದಲ್ಲಿ ಗಟ್ಟಿಯಾದ ನೆಲೆ ಸಿಕ್ಕಿದ್ದು ಯುದ್ಧದ ಕಾಲದಲ್ಲಿ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಸುರಕ್ಷಿತ ಜಾಗಗಳಿಗೆ ಸಾಗಿಸಲಾಯಿತು. ಸಂಗೀತ ಸಭಾಂಗಣಗಳು ಬಾಗಿಲು ಹಾಕಿದವು. ಬರಿದಾದ ಆ ಗ್ಯಾಲರಿಯಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ ಅದೇ ವರ್ಷದ ಅಕ್ಟೋಬರ್ 10ರಂದು ಮಧ್ಯಾಹ್ನದ ಕಚೇರಿಗಳನ್ನು ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲಿಂಗ್. ಬಾಂಬ್ ದಾಳಿ ಜೋರಾದಾಗ ಕಚೇರಿಗಳು ನೆಲಮಾಳಿಗೆಗೆ ಇಳಿದವೇ ಹೊರತು ನಿಲ್ಲಲಿಲ್ಲ. 1946ರ ಏಪ್ರಿಲ್‌ವರೆಗೆ ಒಟ್ಟು 1,698 ಕಚೇರಿಗಳು ನಡೆದವು. ಸೈನಿಕರು, ದಾದಿಯರು, ಟೈಪಿಸ್ಟರು, ಗುಮಾಸ್ತರು ಬಂದು, ಸ್ಯಾಂಡ್‌ವಿಚ್ ತಿಂದು, ಬೀಥೋವನ್‌ನನ್ನು ಕೇಳಿ ಕೆಲಸಕ್ಕೆ ಮರಳುತ್ತಿದ್ದರು. ಒಳ್ಳೆಯ ಸಂಗೀತಕ್ಕೆ ಸಂಜೆಯ ಪೋಷಾಕು, ದುಬಾರಿ ಟಿಕೆಟ್ಟು, ಮೂರು ಗಂಟೆಯ ಪುರುಸೊತ್ತು ಇವೆಲ್ಲ ಇರಲೇಬೇಕೆಂದಿಲ್ಲ ಎನ್ನುವುದನ್ನು ಆ ಆರೂವರೆ ವರ್ಷಗಳು ತೋರಿಸಿಕೊಟ್ಟವೆಂದು ನಾನು ನಂಬಿದ್ದೇನೆ.

ಇಂದು ಆ ಪದ್ಧತಿಯನ್ನು ಮುಖ್ಯವಾಗಿ ಉಳಿಸಿಕೊಂಡು ಬಂದಿರುವುದು ಚರ್ಚುಗಳು. ಜೇಮ್ಸ್ ಗಿಬ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1726ರಲ್ಲಿ ಪೂರ್ಣಗೊಂಡ ಸೇಂಟ್ ಮಾರ್ಟಿನ್ ಚರ್ಚಿನ ಕಮಾನಿನಾಕಾರದ ಗಾರೆಯ ಚಾವಣಿ ನಾಲ್ಕು ತಂತಿವಾದ್ಯಗಳ ನಾದವನ್ನು ಹಿಂದಿನ ಬೆಂಚಿನವರೆಗೂ ಹದವಾಗಿ ತಲುಪಿಸುತ್ತದೆ. ಮೈಕು ಬೇಕಿಲ್ಲ. ನಮ್ಮಲ್ಲಿ ಸಣ್ಣ ಸಭಾಂಗಣದಲ್ಲೂ ವೀಣೆಗೆ ಮೈಕು ಹಚ್ಚಿ, ಅದರ ಮೃದುತ್ವವನ್ನೆಲ್ಲ ಸ್ಪೀಕರಿಗೆ ಒಪ್ಪಿಸಿಬಿಡುವುದನ್ನು ಕೇಳಿ ನೊಂದವರಿಗೆ ಇದು ಎಷ್ಟು ದೊಡ್ಡ ಸುಖವೆಂದು ವಿವರಿಸಿ ಹೇಳಬೇಕಾಗಿಲ್ಲ. ಬಿಲ್ಲು ತಂತಿಯನ್ನು ಮುಟ್ಟುವ ಸದ್ದು, ಮೊದಲ ಪಿಟೀಲಿನವರು ಎತ್ತುಗಡೆಗೆ ಮುನ್ನ ಎಳೆದುಕೊಳ್ಳುವ ಉಸಿರು ಕೂಡ ಕೇಳಿಸುತ್ತವೆ. ಹೊರಗೆ ಬಸ್ಸೊಂದು ಹಾದುಹೋದರೆ ಅದೂ ಸ್ವಲ್ಪ ಕೇಳಿಸುತ್ತದೆ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಕೆಲವೇ ವಾದಕರು ಸೇರಿ ನುಡಿಸುವ ಚೇಂಬರ್ ಸಂಗೀತವನ್ನು ಕೇಳುವುದರ ಜೊತೆಗೆ ಹತ್ತಿರದಿಂದ ನೋಡಬೇಕು ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರಿಯದ ಸಂಗೀತಕಾರ ಹೈಡನ್ 1797ರ ಸುಮಾರಿಗೆ ನಾಲ್ಕು ತಂತಿವಾದ್ಯಗಳಿಗಾಗಿ ರಚಿಸಿದ ‘ಎಂಪರರ್’ ಎಂಬ ಕ್ವಾರ್ಟೆಟ್‌ನ ಎರಡನೆಯ ಭಾಗದಲ್ಲಿ ಒಂದೇ ಒಂದು ಧಾಟಿ ಇದೆ; ಇಂದಿನ ಜರ್ಮನಿಯ ರಾಷ್ಟ್ರಗೀತೆಯ ಧಾಟಿಯೂ ಅದೇ. ಮೊದಲು ಅದನ್ನು ಒಂದನೆಯ ಪಿಟೀಲು ನುಡಿಸುತ್ತದೆ. ಬಳಿಕ ಎರಡನೆಯ ಪಿಟೀಲು ಅದನ್ನೇ ಎತ್ತಿಕೊಂಡಾಗ ಮೊದಲನೆಯದು ಅದರ ಸುತ್ತ ಸಣ್ಣ ಸಣ್ಣ ಸ್ವರಗಳನ್ನು ಹೆಣೆಯುತ್ತದೆ. ವಯೋಲ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಮತ್ತು ಚೆಲೊ (ಮಂಡಿಗಳ ನಡುವೆ ಹಿಡಿದು ನುಡಿಸುವ ಇನ್ನೂ ದೊಡ್ಡ ವಾದ್ಯ) ನುಡಿಸುವವರು ಬಿಲ್ಲು ಇಳಿಸಿ, ಉಳಿದಿಬ್ಬರನ್ನು ಕಣ್ಣಿಟ್ಟು ನೋಡುತ್ತ ಸುಮ್ಮನೆ ಕುಳಿತಿರುತ್ತಾರೆ. ಆಮೇಲೆ ಧಾಟಿ ಚೆಲೊಗೆ, ಅಲ್ಲಿಂದ ವಯೋಲಕ್ಕೆ ಹೋಗಿ, ಕೊನೆಗೆ ಮತ್ತೆ ಮೊದಲ ಪಿಟೀಲಿಗೆ ಬರುತ್ತದೆ. ನಮ್ಮ ಕರ್ನಾಟಕ ಸಂಗೀತದ ಕೃತಿಗಳಲ್ಲಿ ಸಂಗತಿಯಿಂದ ಸಂಗತಿಗೆ, ಅಂದರೆ ಅದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡಿದಂತೆಲ್ಲ, ಸಾಲು ತಾನೇ ಬೆಳೆಯುತ್ತ ಹೋಗುತ್ತದೆ. ಇಲ್ಲಿ ಸಾಲು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಅದರ ಸುತ್ತಲಿನ ಸ್ವರಗಳು ಬದಲಾಗುತ್ತವೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಸಿಕ್ಕಿತೆಂದರೆ, ಕರ್ನಾಟಕ ಸಂಗೀತವನ್ನಷ್ಟೇ ಕೇಳಿ ಬೆಳೆದವರಿಗೂ ಈ ಸಂಗೀತ ಪರಕೀಯವಾಗಿ ಉಳಿಯುವುದಿಲ್ಲ.

ಮೊದಲ ಸಲ ಹೋಗುವವರಿಗೆ ಒಂದೆರಡು ಮಾತು. ಕಚೇರಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ನಡೆಯುತ್ತದೆ. ಅಲ್ಲಿ ಧರ್ಮಬೋಧನೆ ಇರುವುದಿಲ್ಲ, ನಿಮ್ಮ ಮತ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಒಂದು ಕೃತಿಯ ಭಾಗಗಳ ನಡುವೆ ಚಪ್ಪಾಳೆ ತಟ್ಟದೆ ಪೂರ್ತಿ ಮುಗಿಯುವವರೆಗೆ ಕಾಯುವುದು ವಾಡಿಕೆ. ನುಡಿಸುವವರಲ್ಲಿ ಅನೇಕರು ಸಂಗೀತ ವಿದ್ಯಾಲಯಗಳಲ್ಲಿ ಓದುತ್ತಿರುವ ಅಥವಾ ಆಗತಾನೇ ಹೊರಬಂದ ಯುವಕಲಾವಿದರು. ಕೊನೆಯಲ್ಲಿ ಬಾಗಿಲ ಬಳಿ ಕಾಣಿಕೆ ಪಡೆಯುತ್ತಾರೆ; ಪ್ರವೇಶ ಉಚಿತವಾಗಿರುವ ಕಡೆ ಏನನ್ನೂ ಕೊಡದೆ ಹೊರಡುವುದು ಸರಿಯಲ್ಲ, ಏಕೆಂದರೆ ಈ ಕಚೇರಿಗಳು ನಿಂತಿರುವುದು ಹೆಚ್ಚಾಗಿ ಕೇಳುಗರು ಮನಸ್ಸಿಟ್ಟು ಕೊಡುವ ಹಣದ ಮೇಲೆ.

ಇನ್ನು ಬೆಂಗಳೂರಿನ ವಿಷಯ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣಗೊಂಡದ್ದು ಮಹಾರಾಜರ ಹಣದ ನೆರವಿನಿಂದ. ಅಂಥ ಪೋಷಕರಿದ್ದ ನಾಡಿನ ರಾಜಧಾನಿಯಲ್ಲಿ ಇಂದು ಟ್ರಿನಿಟಿ ಎಂಬ ಸಂಗೀತ ಪರೀಕ್ಷೆಗಳಿಗಾಗಿ ಪಿಟೀಲು, ಪಿಯಾನೊ ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ. ಪರೀಕ್ಷಕರಲ್ಲದ ಕೇಳುಗರ ಎದುರು ನುಡಿಸುವ ಅವಕಾಶ ಅವರಿಗೆ ಸಾಲದು. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನಂಥ ಚರ್ಚುಗಳ ಸುತ್ತ ಬ್ಯಾಂಕುಗಳು, ಆಫೀಸುಗಳು, ಅಂಗಡಿಗಳು ತುಂಬಿವೆ. ಅಲ್ಲಿ ದುಡಿಯುವವರು ಸಂಜೆಯ ಟ್ರಾಫಿಕ್ ದಾಟಿ ದೂರದ ಸಭಾಂಗಣಕ್ಕೆ ಹೋಗಲಾರರು, ಆದರೆ ಊಟದ ಬಿಡುವಿನಲ್ಲಿ ಹತ್ತು ನಿಮಿಷ ನಡೆದುಹೋಗಬಲ್ಲರು.

ಆದ್ದರಿಂದ ಚರ್ಚುಗಳ ಆಡಳಿತ ಮಂಡಳಿಗಳೂ ನಗರದ ಸಂಗೀತ ಶಾಲೆಗಳೂ ಸೇರಿ, ತಿಂಗಳಿಗೊಂದು ಬುಧವಾರವಾದರೂ ಮಧ್ಯಾಹ್ನ ಒಂದು ಗಂಟೆಯಿಂದ ಮುಕ್ಕಾಲು ಗಂಟೆ ಮೈಕಿಲ್ಲದ ಕಚೇರಿ ನಡೆಸಲಿ ಎಂದು ಕಳಕಳಿಯಿಂದ ಕೋರುತ್ತೇನೆ. ಕಾರ್ಯಕ್ರಮದ ವಿವರ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಒಂದು ಪುಟ ಅಚ್ಚಾಗಲಿ; ಇಲ್ಲದಿದ್ದರೆ ಬಾಗಿಲು ತೆರೆದಿದ್ದರೂ ಒಳಗೆ ಬರಲು ಅನೇಕರು ಹಿಂಜರಿಯುತ್ತಾರೆ. ಹೀಗೆ ನಡೆಸಲು ಯಾರಾದರೂ ಮುಂದೆ ಬಂದರೆ, ತಾವು ‘ನಗರದಲ್ಲಿ ಇಂದು’ ಎಂಬಂಥ ಅಂಕಣದಲ್ಲಿ ಅದಕ್ಕೆ ಎರಡು ಸಾಲು ಜಾಗ ಕೊಡಬೇಕೆಂದು ಪ್ರಾರ್ಥನೆ.

ಇಂತಿ,
ಲಂಡನ್ನಿನಲ್ಲಿ ನೆಲೆಸಿರುವ ಕನ್ನಡ ಓದುಗ